ಅಖಾಡಕ್ಕೆ ಮುಂಚಿನ ತಿಂಗಳುಗಳು: ಬಳ್ಳಿಗಾವಿ ಸೀಮೆಯ ಹೋರಿ ಹಬ್ಬ ಮತ್ತು ತಾಲೀಮಿನ ಚರಿತ್ರೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಮಲೆನಾಡು ತಗ್ಗುತ್ತ ಬಯಲುಸೀಮೆಗೆ ಸೇರುವ ಅರೆಮಲೆನಾಡಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾಸಿರವೆಂಬ ವಿಶಾಲ ನಾಡಿನ ಆಡಳಿತ ಕೇಂದ್ರವಾಗಿತ್ತು. ಶಾಸನಗಳು ಇದನ್ನು ಅನಾದಿ ರಾಜಧಾನಿ ಎಂದು ಕರೆದಿವೆ. ಕೇದಾರೇಶ್ವರ ಮತ್ತು ತ್ರಿಪುರಾಂತಕ ದೇವಾಲಯಗಳಿಂದ, ಮಹಾಮಂಡಲೇಶ್ವರ ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭದಿಂದ, ಅಲ್ಲಮಪ್ರಭುವಿನ ಹೆಸರಿನಿಂದ ಈ ಊರು ನಾಡಿಗೆಲ್ಲ ಪರಿಚಿತ. ಆದರೆ ಇದೇ ಸೀಮೆಯ, ಅಂದರೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ, ರೈತಾಪಿ ಜನರ ಬದುಕಿನಲ್ಲಿ ಬೇರೂರಿರುವ ಹೋರಿ ಹಬ್ಬದ ಚರಿತ್ರೆಯತ್ತ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುವುದು, ಓಡುವ ಹೋರಿಯನ್ನು ತಡೆದು ಯುವಕರು ಆ ಕೊಬ್ಬರಿಯನ್ನು ಹರಿದುಕೊಳ್ಳುವುದು ಈ ಆಟದ ಸ್ವರೂಪ. ಹಾವೇರಿ ಜಿಲ್ಲೆಯಲ್ಲೂ ಅಷ್ಟೇ ಪ್ರಸಿದ್ಧವಾಗಿರುವ ಇದಕ್ಕೆ ಹೋರಿ ಬೆದರಿಸುವ ಹಬ್ಬ, ಕೊಬ್ಬರಿ ಹೋರಿ ಸ್ಪರ್ಧೆ, ಹಟ್ಟಿ ಹಬ್ಬ ಎಂಬ ಹೆಸರುಗಳೂ ಇವೆ. ಪ್ರೇಕ್ಷಕರಿಗೆ ಕಾಣುವುದು ಒಂದು ಹೋರಿಯ ಕೆಲವು ಕ್ಷಣಗಳ ಓಟ ಮಾತ್ರ. ಆ ಓಟದ ಹಿಂದಿರುವ ಹಲವು ತಿಂಗಳ ಆರೈಕೆ, ಹೊಸ ಹೋರಿಯ ಆಯ್ಕೆ ಮತ್ತು ತಾಲೀಮು ಈ ಆಚರಣೆಯ ನಿಜವಾದ ತಿರುಳು.

ಹೋರಿ ಹಬ್ಬದ ಮೂಲವನ್ನು ಹುಡುಕುವವರು ಮೊದಲು ಬೆರಳು ತೋರಿಸುವುದು ಈ ಭಾಗದ ವೀರಗಲ್ಲುಗಳತ್ತ. ಸೊರಬ ತಾಲ್ಲೂಕಿನ ಉದ್ರಿ ಮೊದಲಾದ ಊರುಗಳಲ್ಲಿಯೂ ಬಳ್ಳಿಗಾವಿಯ ಪರಿಸರದಲ್ಲಿಯೂ ವೀರಗಲ್ಲುಗಳು ಹೇರಳವಾಗಿವೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟವೂ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಒಯ್ಯುವ ದೃಶ್ಯವೂ, ಮೇಲಿನದರಲ್ಲಿ ದೇವಸನ್ನಿಧಿಯೂ ಕೆತ್ತಲ್ಪಟ್ಟಿರುತ್ತವೆ. ನಾಡಿನ ವೀರಗಲ್ಲುಗಳಲ್ಲಿ ಗಣನೀಯ ಭಾಗ ತುರುಗೋಳಿಗೆ, ಅಂದರೆ ದನಗಳ ಹಿಂಡನ್ನು ಶತ್ರುಗಳು ಅಪಹರಿಸುವುದಕ್ಕೆ ಮತ್ತು ಅವುಗಳನ್ನು ಬಿಡಿಸಿ ತರುವ ಕಾಳಗಕ್ಕೆ ಸಂಬಂಧಿಸಿದ್ದು. ದನಕ್ಕಾಗಿ ಪ್ರಾಣ ಕೊಡುವುದು ಊರಿನ ಮಾನದ ಪ್ರಶ್ನೆಯಾಗಿದ್ದ ಸಮಾಜವೊಂದು ಇಲ್ಲಿತ್ತು ಎಂಬುದನ್ನು ಈ ಕಲ್ಲುಗಳು ಖಚಿತವಾಗಿ ತಿಳಿಸುತ್ತವೆ. ಆದರೆ ತುರುಗೋಳಿನಿಂದಲೇ ಹೋರಿ ಹಬ್ಬ ಹುಟ್ಟಿತೆಂದು ಇಷ್ಟರಿಂದ ತೀರ್ಮಾನಿಸಲಾಗದು. ದನಗಳ ಮೇಲಿನ ಅಭಿಮಾನ ಎರಡಕ್ಕೂ ಸಮಾನವೆಂದು ಹೇಳಬಹುದೇ ಹೊರತು, ಕಾಳಗವೇ ಆಟವಾಗಿ ಮಾರ್ಪಟ್ಟಿತೆಂದು ಹೇಳಲು ಕಲ್ಲಿನ ಸಾಕ್ಷ್ಯ ಸಾಲದು.

ಸ್ಪರ್ಧೆಗೆ ಮುಂಚಿನ ತಾಲೀಮಿನ ವಿಷಯದಲ್ಲಿ ಚಾಲುಕ್ಯರ ಕಾಲವು ಇನ್ನೂ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಬಳ್ಳಿಗಾವಿ ಏಳಿಗೆಯಲ್ಲಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಸ್ತಿಯನ್ನು ಕುರಿತ ಮಲ್ಲವಿನೋದವೆಂಬ ಭಾಗವೊಂದಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು ಮತ್ತು ಬಲಗಳಿಗೆ ಅನುಗುಣವಾಗಿ ವಿಂಗಡಿಸುವ ಬಗೆಯನ್ನೂ, ಅವರಿಗೆ ಅರಮನೆಯಿಂದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸಬೇಕೆಂಬುದನ್ನೂ ಈ ಭಾಗ ವಿವರಿಸುತ್ತದೆ. ಭಾರ ಹೊರುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಆಸರೆಯಲ್ಲಿ ಮಾಡುವ ಸ್ತಂಭಶ್ರಮ ಎಂದು ವ್ಯಾಯಾಮಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಅಂಕಣದಲ್ಲಿ ನಡೆಯುವ ಅಲ್ಪಕಾಲದ ಸೆಣಸಾಟಕ್ಕಾಗಿ ದೇಹವನ್ನು ದೀರ್ಘಕಾಲ ಅಣಿಗೊಳಿಸಬೇಕು ಎಂಬ ತಿಳಿವಳಿಕೆ ಆ ಕಾಲಕ್ಕಾಗಲೇ ಶಾಸ್ತ್ರದ ರೂಪ ಪಡೆದಿತ್ತು. ನೀರಿನಲ್ಲಿ ಈಜಿಸಿ ದಮ್ಮು ಹೆಚ್ಚಿಸುವ ಕ್ರಮವು ಇಂದು ಇದೇ ನಾಡಿನ ಕೆರೆಗಳಲ್ಲಿ ಹೋರಿಗಳ ತಾಲೀಮಿಗೂ ಬಳಕೆಯಲ್ಲಿರುವುದು ಗಮನಾರ್ಹವಾಗಿದೆ.

ರಾಸುಗಳ ತಳಿ ಮತ್ತು ಪಾಲನೆಯ ಚರಿತ್ರೆಗೆ ಇನ್ನೊಂದು ಆಕರ ಮೈಸೂರು ಸಂಸ್ಥಾನದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡಿದ್ದ ಸರ್ಕಾರಿ ದನಗಳ ಇಲಾಖೆಯು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆಯಿತು. ಇದರ ಎತ್ತುಗಳು ಫಿರಂಗಿ ಮತ್ತು ಸಾಮಾನು ಸರಂಜಾಮುಗಳನ್ನು ವೇಗವಾಗಿ ಎಳೆಯುವುದರಲ್ಲಿ ಹೆಸರಾಗಿದ್ದವು. ಬ್ರಿಟಿಷರು 1860ರಲ್ಲಿ ಈ ಹಿಂಡನ್ನು ವಿಸರ್ಜಿಸಿ, ಸೇನೆಗೆ ತಕ್ಕ ಎತ್ತುಗಳು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತೆಂಬುದು ಆ ತಳಿಯ ಮೌಲ್ಯಕ್ಕೆ ಸಾಕ್ಷಿ. ನೀಳವಾದ ಕೋಡು, ಬಿಗಿಯಾದ ಮೈ, ಗಟ್ಟಿ ಗೊರಸು, ಸುಲಭವಾಗಿ ಪಳಗದ ಬಿರುಸು ಸ್ವಭಾವಗಳು ಅಮೃತ ಮಹಲ್ ಮತ್ತು ಹಳ್ಳಿಕಾರ್ ತಳಿಗಳ ಲಕ್ಷಣಗಳು. ಇಂದು ಹೋರಿ ಹಬ್ಬದಲ್ಲಿ ಮೆಚ್ಚುಗೆ ಗಳಿಸುವ ಗುಣಗಳೂ ಇವೇ ಆಗಿವೆ.

ಆಚರಣೆಯ ಕಾಲವನ್ನು ನಿರ್ಧರಿಸಿದ್ದು ಮಾತ್ರ ಅರಮನೆಯೂ ಅಲ್ಲ, ರಣರಂಗವೂ ಅಲ್ಲ, ಬೇಸಾಯದ ಪಂಚಾಂಗ. ಮುಂಗಾರಿನಲ್ಲಿ ಉಳುಮೆ, ಬಿತ್ತನೆ, ನಾಟಿಗಳಲ್ಲಿ ದುಡಿದ ದನಗಳಿಗೆ ಭತ್ತ ತೆನೆಗಟ್ಟುವ ಹೊತ್ತಿಗೆ ಬಿಡುವು ದೊರೆಯುತ್ತದೆ; ಮಳೆಗಾಲದ ಹಸಿರು ಹುಲ್ಲು ಮೇದು ಅವು ಮೈದುಂಬಿಕೊಂಡಿರುತ್ತವೆ. ಆಶ್ವಯುಜದ ಹುಣ್ಣಿಮೆಯಂದು ಭೂಮಿ ಹುಣ್ಣಿಮೆಯ ಹೆಸರಿನಲ್ಲಿ ಬಸುರಿ ಪೈರಿಗೆ ಬಯಕೆಯ ಎಡೆ ಸಲ್ಲಿಸಿದ ರೈತ, ಹದಿನೈದು ದಿನಗಳ ನಂತರ ದೀಪಾವಳಿಯಲ್ಲಿ ದನಗಳನ್ನು ಪೂಜಿಸುತ್ತಾನೆ. ಕೊಯ್ಲು ಮತ್ತು ಒಕ್ಕಲಾಟ ಅದರ ಮುಂದಿನ ಕೆಲಸ. ಹೀಗೆ ಎರಡು ದುಡಿಮೆಗಳ ನಡುವಿನ ಬಿಡುವಿನಲ್ಲಿ ಆಟವೊಂದು ನೆಲೆಗೊಳ್ಳುವುದು ಬೇರೆ ದೇಶಗಳಲ್ಲೂ ಕಂಡುಬರುವ ಸಂಗತಿ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗನು, ಚಳಿಗಾಲದಲ್ಲಿ ಆಟಗಾರರ ಮೈ ಜಡವಾಗದಿರಲೆಂದು ಕಾಲ್ಚೆಂಡಿನ ಸಂಘವೊಂದನ್ನು ಕಟ್ಟುವಂತೆ 1858ರ ಜುಲೈನಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದನು. ಮರುವರ್ಷ ನಿಯಮಗಳು ರೂಪುಗೊಂಡು ಆ ದೇಶದ್ದೇ ಆದ ಫುಟ್‌ಬಾಲ್ ಆಟ ನೆಲೆಯೂರಿತು. ಒಂದು ಆಟದ ಬಿಡುವಿನ ತಾಲೀಮಾಗಿ ಆರಂಭವಾದ ಅದಕ್ಕೆ ಇಂದು ತನ್ನದೇ ಆದ ತಾಲೀಮಿನ ಕಾಲವಿದೆ: ಅಲ್ಲಿನ ಸಂಘಗಳು ನವೆಂಬರ್‌ನಲ್ಲಿ ಹೊಸ ಹುಡುಗರನ್ನು ಆರಿಸಿಕೊಂಡು, ಮಾರ್ಚ್‌ನಲ್ಲಿ ಪಂದ್ಯಗಳು ಆರಂಭವಾಗುವವರೆಗೆ ಅವರನ್ನು ಪಳಗಿಸುತ್ತವೆ. ಶಿಕಾರಿಪುರ ಮತ್ತು ಸೊರಬದ ಕೊಟ್ಟಿಗೆಗಳಲ್ಲಿ ಅದೇ ಕೆಲಸ ಮಳೆಗಾಲದಲ್ಲಿ ನಡೆಯುತ್ತದೆ.

ಹಬ್ಬದ ಸಾಂಪ್ರದಾಯಿಕ ದಿನ ಬಲಿಪಾಡ್ಯಮಿ. ಅಂದು ಸಗಣಿಯಿಂದ ಹಟ್ಟೆವ್ವನನ್ನು ಮಾಡಿ ಹೂವು, ಉತ್ತರಾಣಿ ಕಡ್ಡಿಗಳಿಂದ ಸಿಂಗರಿಸಿ ಹಟ್ಟಿಯಲ್ಲಿ ಇಟ್ಟು ಪೂಜಿಸಲಾಗುತ್ತದೆ; ದನಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕಲಾಗುತ್ತದೆ. ಓಡಿಸಬೇಕಾದ ಹೋರಿಗೆ ಬೆನ್ನ ಮೇಲೆ ಜೂಲು ಎಂಬ ಕಸೂತಿಯ ಹೊದಿಕೆ, ಕೊರಳಿಗೆ ಗೆಜ್ಜೆ ಸರ, ಕೋಡಿನ ತುದಿಗೆ ಅಣಸು, ಇವುಗಳ ಜೊತೆಗೆ ಒಣ ಕೊಬ್ಬರಿ ಬಟ್ಟಲುಗಳನ್ನು ಪೋಣಿಸಿದ ಸರಗಳನ್ನು ಕಟ್ಟುತ್ತಾರೆ. ಕೊಬ್ಬರಿ ಕಳೆದುಕೊಳ್ಳದೆ ಓಟ ಮುಗಿಸಿದ ಹೋರಿ ಗೆದ್ದಂತೆ. ಕೊಬ್ಬರಿ ಹರಿದವನಿಗೆ ಆ ಕೊಬ್ಬರಿಯೇ ಬಹುಮಾನ. ಬಣ್ಣದ ಕಾಗದ, ಬಲೂನು, ರಿಬ್ಬನ್ನುಗಳ ಎತ್ತರದ ಅಲಂಕಾರವನ್ನು ಹೊತ್ತು ಓಡುವ ಹೋರಿಗಳಿಗೆ ಪೀಪಿ ಹೋರಿ ಎಂದು ಹೆಸರು.

ಹೊಸ ಹೋರಿಯ ಆಯ್ಕೆ ನುರಿತ ಕಣ್ಣಿನ ಕೆಲಸ. ವಯಸ್ಸನ್ನು ತಿಳಿಯಲು ಹಲ್ಲು ನೋಡುತ್ತಾರೆ: ಹಾಲುಹಲ್ಲು ಉದುರಿ ಎರಡು ಹಲ್ಲು ಬರುವಾಗ ಹೋರಿಗೆ ಎರಡು, ಎರಡೂವರೆ ವರ್ಷ ತುಂಬಿರುತ್ತದೆ, ಎಂಟೂ ಹಲ್ಲು ಬಂದು ಬಾಯಿಗೂಡಲು ನಾಲ್ಕೂವರೆಯಿಂದ ಐದು ವರ್ಷ ಬೇಕು. ಹಣೆ, ಬೆನ್ನು, ಭುಜಗಳ ಮೇಲಿನ ಸುಳಿಗಳನ್ನು, ಅಂದರೆ ಕೂದಲು ಸುತ್ತಿಕೊಂಡಿರುವ ಗುರುತುಗಳನ್ನು, ನೋಡಿ ಶುಭಾಶುಭ ಎಣಿಸುವುದು ನಂಬಿಕೆಯ ಭಾಗ. ಎದೆಯ ಅಗಲ, ಕಾಲಿನ ನೇರ, ಗೊರಸಿನ ಗಟ್ಟಿತನ, ಅಪರಿಚಿತರು ಹತ್ತಿರ ಬಂದಾಗ ಕಿವಿ ನಿಮಿರಿಸುವ ಚುರುಕು ಇವೆಲ್ಲ ಅನುಭವದ ಭಾಗ. ಉಳುವ ಎತ್ತಿಗೆ ಬೇಕಾದ ಗುಣ ತಾಳ್ಮೆ. ಹಬ್ಬದ ಹೋರಿಗೆ ಬೇಕಾದದ್ದು ಬೆದರಿ ಮುಂದಕ್ಕೆ ಚಿಮ್ಮುವ ಗುಣ. ಆದ್ದರಿಂದ ಹೋರಿಗರುವಿಗೆ ಬೀಜ ಒಡೆಸಿ ಎತ್ತು ಮಾಡಬೇಕೋ, ಹೋರಿಯಾಗಿಯೇ ಉಳಿಸಬೇಕೋ ಎಂಬ ನಿರ್ಧಾರವು ಅದರ ಮುಂದಿನ ಬದುಕನ್ನೇ ಬೇರೆ ದಾರಿಗೆ ತಿರುಗಿಸುತ್ತದೆ.

ಆಯ್ಕೆಯಾದ ಹೋರಿಯ ಆರೈಕೆ ದೀಪಾವಳಿಗೆ ತಿಂಗಳುಗಳ ಮುಂಚೆಯೇ ಬಿರುಸಾಗುತ್ತದೆ. ಹುಲ್ಲಿನ ಜೊತೆಗೆ ಬೇಯಿಸಿದ ಹುರುಳಿ, ನೆನೆಸಿ ರುಬ್ಬಿದ ಹತ್ತಿಕಾಳು, ಹಿಂಡಿ, ಬೂಸಾ, ಬೆಲ್ಲಗಳು ಗೋದಲಿಗೆ ಬೀಳುತ್ತವೆ. ಅನುಕೂಲವಿದ್ದವರು ಮೊಟ್ಟೆಯನ್ನೂ ಕೊಡುತ್ತಾರೆ. ದಿನವೂ ಮೈ ತಿಕ್ಕಿ ತೊಳೆಯುವುದು, ಊರ ಕೆರೆಗೆ ಇಳಿಸಿ ಈಜಿಸುವುದು, ಹಗ್ಗ ಹಿಡಿದು ನಡೆಸುವುದು ಮತ್ತು ಓಡಿಸುವುದು ನಿತ್ಯದ ಕ್ರಮ. ಈಜುವಾಗ ಕಾಲಿನ ಕೀಲುಗಳ ಮೇಲೆ ದೇಹದ ಭಾರ ಬೀಳದೆ ಎದೆ ಮತ್ತು ಭುಜಗಳ ಸ್ನಾಯುಗಳು ದುಡಿಯುವುದರಿಂದ, ಗಾಯದ ಅಪಾಯವಿಲ್ಲದೆ ದಮ್ಮು ಬೆಳೆಯುತ್ತದೆ. ದೇಹದ ತಾಲೀಮಿಗಿಂತ ಕಷ್ಟದ್ದು ಸ್ವಭಾವದ ತಾಲೀಮು. ತಮಟೆ, ಪಟಾಕಿ, ಕೇಕೆಗಳ ನಡುವೆ ಹೋರಿ ದಿಕ್ಕೆಡದೆ ನೇರವಾಗಿ ಓಡಬೇಕು, ಓಟ ಮುಗಿದ ಮೇಲೆ ಸಾಕಿದವನ ದನಿಗೆ ನಿಲ್ಲಬೇಕು. ಇದಕ್ಕಾಗಿ ಹೊಸ ಹೋರಿಯನ್ನು ಮೊದಲು ಸಣ್ಣ ಊರುಗಳ ಹಬ್ಬಗಳಲ್ಲಿ ಓಡಿಸಿ, ಜನ ಮತ್ತು ಸದ್ದಿಗೆ ಒಗ್ಗಿಸಿದ ಬಳಿಕವೇ ದೊಡ್ಡ ಅಖಾಡಕ್ಕೆ, ಅಂದರೆ ಓಟದ ಕಣಕ್ಕೆ, ತರುವುದು ಬಲ್ಲವರ ಪದ್ಧತಿ.

ಹೋರಿಯನ್ನು ಎದುರಿಸುವ ಯುವಕರ ಮಟ್ಟಿಗೆ ಇಂಥ ಕ್ರಮಬದ್ಧ ಶಿಕ್ಷಣ ಬೆಳೆದಿಲ್ಲ. ಹೋರಿ ಹಿಡಿಯುವವರನ್ನೂ ಕುಸ್ತಿಯವರಂತೆ ಪೈಲ್ವಾನರೆಂದೇ ಜನ ಕರೆಯುತ್ತಾರೆ. ಕುಸ್ತಿಪಟುವಿಗೆ ಗರಡಿಮನೆಯ ಮಟ್ಟಿ, ಅಂದರೆ ಹದಗೊಳಿಸಿದ ಕೆಮ್ಮಣ್ಣಿನ ಅಂಕಣ, ಸಾಮು ಇರುತ್ತವೆ, ಉಸ್ತಾದನೂ ಇರುತ್ತಾನೆ. ಹೋರಿ ಹಿಡಿಯುವ ಹುಡುಗನು ಕಲಿಯುವುದು ಮಾತ್ರ ಹಿರಿಯರನ್ನು ನೋಡಿ. ಕೋಡಿಗೆ ಎದುರಾಗಿ ನಿಲ್ಲದೆ ಪಕ್ಕದಿಂದ ಬರುವುದು, ಹೋರಿಯ ಜೊತೆಗೆ ಕೆಲವು ಹೆಜ್ಜೆ ಓಡಿ ಕೊರಳಿಗೆ ತೆಕ್ಕೆ ಹಾಕುವುದು, ಕೈ ಜಾರಿದರೆ ತಕ್ಷಣ ದೂರ ಸರಿಯುವುದು ಇವು ಅನುಭವದಿಂದ ಬಂದ ಪಾಠಗಳು. ಹಳ್ಳಿಯ ಹುಡುಗರೆಲ್ಲ ದನದ ಕೊಟ್ಟಿಗೆಯಲ್ಲೇ ಬೆಳೆಯುತ್ತಿದ್ದ ಕಾಲದಲ್ಲಿ ಹೋರಿಯ ಕಣ್ಣು, ಕಿವಿ, ಬಾಲಗಳ ಸೂಚನೆ ಅವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಕೊಟ್ಟಿಗೆಗಳು ಖಾಲಿಯಾದಂತೆ ಆ ಅರಿವೂ ಕಡಿಮೆಯಾಗುತ್ತಿದೆ.

ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯ ಬೇಸಾಯವೇ ಬದಲಾಯಿತು. ಟ್ರ್ಯಾಕ್ಟರ್ ಮತ್ತು ಟಿಲ್ಲರ್‌ಗಳು ಎತ್ತಿನ ನೇಗಿಲನ್ನು ಬದಿಗೊತ್ತಿದವು. ಭತ್ತದ ಗದ್ದೆಗಳ ಜಾಗದಲ್ಲಿ ಮೆಕ್ಕೆಜೋಳ, ಅಡಿಕೆ, ಶುಂಠಿ ಹಬ್ಬಿದವು. ಉಳುಮೆಯ ದನ ಕಡಿಮೆಯಾದಾಗ ಹೋರಿ ಹಬ್ಬ ಕ್ಷೀಣಿಸಬೇಕಿತ್ತು. ಆದರೆ ಅದು ಇನ್ನಷ್ಟು ದೊಡ್ಡದಾಯಿತು. ಮನೆಯ ಹಬ್ಬವಾಗಿದ್ದದ್ದು ಊರೂರುಗಳ ಸಮಿತಿಗಳು ಏರ್ಪಡಿಸುವ ಸ್ಪರ್ಧೆಯಾಗಿ, ದೀಪಾವಳಿಯಿಂದ ಮುಂದಿನ ಹಲವು ತಿಂಗಳವರೆಗೆ ಹಬ್ಬಿಕೊಂಡಿತು. ಬಹುಮಾನದ ಪಟ್ಟಿಗೆ ಬೈಕ್, ಬಂಗಾರ, ಫ್ರಿಜ್‌ಗಳು ಸೇರಿದವು. ತಮಿಳುನಾಡಿನಿಂದ ಲಕ್ಷಾಂತರ ರೂಪಾಯಿ ಕೊಟ್ಟು ಹೋರಿ ತರುವ ರೂಢಿ ಬಂದಿತು. ಚಲನಚಿತ್ರ ನಟರಂತೆ ಹೋರಿಗಳಿಗೂ ಅಭಿಮಾನಿ ಬಳಗ, ಬಾವುಟ, ಬ್ಯಾನರ್‌ಗಳು ಹುಟ್ಟಿಕೊಂಡವು. ಹೊಲದಲ್ಲಿ ದುಡಿದು ವರ್ಷಕ್ಕೊಮ್ಮೆ ಓಡುತ್ತಿದ್ದ ದನದ ಸ್ಥಾನಕ್ಕೆ, ಓಡುವುದಕ್ಕಾಗಿಯೇ ಸಾಕಿದ, ನೇಗಿಲು ಕಾಣದ ಹೋರಿ ಬಂದಿತು. ಇದು ಆಚರಣೆಯ ಚರಿತ್ರೆಯಲ್ಲಿ ಸಣ್ಣ ಬದಲಾವಣೆಯಲ್ಲ, ಏಕೆಂದರೆ ದಿನನಿತ್ಯದ ದುಡಿಮೆಯಲ್ಲಿ ಮನುಷ್ಯನಿಗೂ ದನಕ್ಕೂ ಬೆಳೆಯುತ್ತಿದ್ದ ಒಡನಾಟವನ್ನು ಈಗ ತಾಲೀಮೊಂದೇ ಕಟ್ಟಿಕೊಡಬೇಕಾಗಿದೆ.

ಕಾನೂನಿನ ಪ್ರವೇಶವೂ ಇದೇ ಅವಧಿಯದು. ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲೇ ರೂಪುಗೊಂಡಿತ್ತು. ಅದರ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕವು 2017ರಲ್ಲಿ ತಿದ್ದುಪಡಿ ತಂದು ಕಂಬಳ, ಹೋರಿಗಳ ಓಟ ಮತ್ತು ಎತ್ತಿನಗಾಡಿ ಓಟಗಳಿಗೆ ಷರತ್ತಿನ ಅವಕಾಶ ಕಲ್ಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕರ್ನಾಟಕ, ತಮಿಳುನಾಡು ಮತ್ತು ಮಹಾರಾಷ್ಟ್ರಗಳ ಇಂಥ ತಿದ್ದುಪಡಿಗಳನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಕಾನೂನಿನ ಸಮ್ಮತಿಯಿಂದ ಅಪಾಯವೇನೂ ತಗ್ಗುವುದಿಲ್ಲ. ಹೋರಿ ಹಿಡಿಯಲು ಹೋದವರಷ್ಟೇ ಅಲ್ಲದೆ ದಾರಿಯ ಬದಿಯಲ್ಲಿ ನೋಡಲು ನಿಂತವರೂ ತಿವಿತಕ್ಕೆ ಸಿಕ್ಕಿ ಸತ್ತ ಪ್ರಸಂಗಗಳು ಈ ಭಾಗದಲ್ಲಿ ನಡೆದಿವೆ.

ಹೋರಿ ಹಬ್ಬದ ಪರ ಮಾತಾಡುವವರು ಅದನ್ನು ಪರಂಪರೆ ಎಂದೂ, ವಿರೋಧಿಸುವವರು ಹಿಂಸೆ ಎಂದೂ ಹೇಳುವಾಗ ಇಬ್ಬರ ಕಣ್ಣಿಗೂ ಕಾಣುವುದು ಅಖಾಡವೊಂದೇ. ಪರಂಪರೆ ಎಂಬ ಮಾತಿಗೆ ನಿಜವಾಗಿ ಅರ್ಹವಾದದ್ದು ತಳಿಯನ್ನು ಗುರುತಿಸುವ, ಹದವರಿತು ಮೇಯಿಸುವ, ಹೆದರಿಕೆ ಹಿಂಸೆಗಳಿಲ್ಲದೆ ಪಳಗಿಸುವ ತಿಳಿವಳಿಕೆ. ಅದು ಇರುವುದು ಕೊಟ್ಟಿಗೆಯಲ್ಲಿ ಮತ್ತು ಈಗ ವಯಸ್ಸಾಗುತ್ತಿರುವ ಕೆಲವು ಹಿರಿಯರ ನೆನಪಿನಲ್ಲಿ. ಬಳ್ಳಿಗಾವಿಯ ಕಲ್ಲುಗಳನ್ನು ಓದಿ ದಾಖಲಿಸಿದಷ್ಟೇ ಶ್ರದ್ಧೆಯಿಂದ ಆ ನೆನಪುಗಳನ್ನೂ ದಾಖಲಿಸುವ ಕೆಲಸ ಆಗಬೇಕಾಗಿದೆ. ಹಬ್ಬ ನಡೆಸುವ ಸಮಿತಿಗಳು ಬಹುಮಾನದ ಮೊತ್ತವನ್ನು ಏರಿಸುವ ಮೊದಲು ಓಟದ ದಾರಿಗೆ ಗಟ್ಟಿ ಬೇಲಿ ಕಟ್ಟಿಸಬೇಕು. ತಾಲೀಮಿಲ್ಲದ ಹೋರಿಯನ್ನಾಗಲಿ, ತಾಲೀಮಿಲ್ಲದ ಹುಡುಗನನ್ನಾಗಲಿ ಅಖಾಡಕ್ಕೆ ಬಿಡಬಾರದು.