ಈಸ್ಟರ್ ಎಗ್

ಈಸ್ಟರ್ ಹಬ್ಬಕ್ಕೆ ದೊಡ್ಡವರು ಬಣ್ಣದ ಮೊಟ್ಟೆ ಬಚ್ಚಿಡುತ್ತಾರೆ, ಮಕ್ಕಳು ಹುಡುಕುತ್ತಾರೆ. ಆ ಹೆಸರು ವಿಡಿಯೊ ಗೇಮಿಗೆ ಅಂಟಿದ್ದು ಅಟಾರಿ 2600 ಗೇಮ್ ಕನ್ಸೋಲಿನ ‘ಅಡ್ವೆಂಚರ್’ ಆಟದಿಂದ. ಆಗ ಅಟಾರಿ ಕಂಪನಿ ಆಟ ಬರೆದವರ ಹೆಸರು ಹಾಕುತ್ತಿರಲಿಲ್ಲ. ಅದು ಅನ್ಯಾಯವೇ. ‘ಅಡ್ವೆಂಚರ್’ ಬರೆದ ವಾರನ್ ರಾಬಿನೆಟ್ ಯಾರಿಗೂ ಹೇಳದೆ ಆಟದೊಳಗೊಂದು ಗುಪ್ತ ಕೋಣೆ ಕಟ್ಟಿದರು. ಬೀಗದಕೈ ಎಂದರೆ ಒಂದೇ ಒಂದು ಬೂದು ಚುಕ್ಕೆ. ನೆಲದ ಬಣ್ಣವೂ ಅದೇ, ಕಣ್ಣಿಗೆ ಬೀಳುವುದಿಲ್ಲ. 1980ರಲ್ಲಿ ಹುಡುಗನೊಬ್ಬ ಅದನ್ನು ಪತ್ತೆಹಚ್ಚಿ ಕಂಪನಿಗೆ ಪತ್ರ ಬರೆದ. ಅಳಿಸುವುದು ಬೇಡ, ಈಸ್ಟರ್ ಮೊಟ್ಟೆಯಂತೆ ಇರಲಿ ಎಂದವರು ಅಲ್ಲಿನ ಸ್ಟೀವ್ ರೈಟ್. ಈಗ ಸಿನಿಮಾದಲ್ಲಿ ಅಡಗಿಸಿಟ್ಟ ಗುಟ್ಟಿಗೂ ಇದೇ ಮಾತು. ಎಮ್ಯುಲೇಟರ್‌ನಲ್ಲಿ ಇಂದಿಗೂ ಸರಿಯಾದ ಕೋಣೆಯಲ್ಲಿ ಬೇರೆ ವಸ್ತುಗಳನ್ನೂ ಇಟ್ಟು ಅಲ್ಲಿಗೆ ಆ ಚುಕ್ಕೆ ಹೊತ್ತು ಹೋದರೆ ಗೋಡೆ ಮಿಣುಕಿ ದಾರಿ ಬಿಡುತ್ತದೆ. ಒಳಗೆ, ಮೇಲಿಂದ ಕೆಳಕ್ಕೆ, ಬಣ್ಣ ಬದಲಿಸುತ್ತ ರಾಬಿನೆಟ್ ಅವರ ಹೆಸರು.