ಪಿಎಸ್‌ಡಬ್ಲ್ಯೂ ಕಥೆ: ಬ್ರಿಟನ್ ಎರಡು ಸಲ ತೆರೆದ ಬಾಗಿಲು

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತು ಒಂದು ವೀಸಾದ ಇತಿಹಾಸ ಹೇಳ್ತೀನಿ. ವೀಸಾಗೆ ಎಂಥಾ ಇತಿಹಾಸ ಅಂತೀರಾ? ಇದೆ. ಗೊತ್ತಿಲ್ಲದೆ ಹೋದರೆ ಜೇಬಿಗೆ ಕತ್ತರಿ ಬೀಳೋ ಇತಿಹಾಸ ಅದು.

ಬ್ರಿಟನ್‌ಗೆ ಓದೋಕೆ ಹೋಗ್ತೀನಿ ಅನ್ನೋ ಯಾರನ್ನಾದರೂ ಕೇಳಿ. ‘ಓದು ಒಂದು ವರ್ಷ, ಆಮೇಲೆ ಎರಡು ವರ್ಷ ಪಿಎಸ್‌ಡಬ್ಲ್ಯೂ’ ಅಂತಾರೆ. ಪಿಎಸ್‌ಡಬ್ಲ್ಯೂ ಅಂದರೆ ಪೋಸ್ಟ್ ಸ್ಟಡಿ ವರ್ಕ್, ಅಂದರೆ ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡೋ ಪರವಾನಗಿ. ತಮಾಷೆ ಏನು ಗೊತ್ತಾ? ಆ ಹೆಸರಿನ ವೀಸಾ 2012ರಲ್ಲೇ ಸತ್ತು ಹೋಯ್ತು. ಈಗ ಇರೋದರ ಹೆಸರು ಗ್ರಾಜುಯೇಟ್ ರೂಟ್. ನಮ್ಮ ಬಾಯಲ್ಲಿ ಮಾತ್ರ ಹಳೇ ಹೆಸರೇ ಉಳಿದಿದೆ. ಹೆಸರು ಉಳೀತು, ಅದು ಯಾಕೆ ಸತ್ತಿತ್ತು ಅನ್ನೋದು ಮರೆತುಹೋಯ್ತು.

ಕಥೆ ಶುರುವಾಗೋದು ಸ್ಕಾಟ್ಲೆಂಡ್‌ನಿಂದ. 2004ರಲ್ಲಿ ಅಲ್ಲಿನ ಫಸ್ಟ್ ಮಿನಿಸ್ಟರ್ ಜ್ಯಾಕ್ ಮೆಕಾನೆಲ್‌ಗೆ ಒಂದು ಚಿಂತೆ ಇತ್ತು. ಜನಸಂಖ್ಯೆ ಕುಸೀತಿದೆ, ಕೆಲವೇ ವರ್ಷದಲ್ಲಿ 50 ಲಕ್ಷಕ್ಕಿಂತ ಕೆಳಗೆ ಹೋಗುತ್ತೆ ಅನ್ನೋ ಅಂದಾಜು ಬಂದಿತ್ತು. ಅದಕ್ಕೇ ‘ಫ್ರೆಶ್ ಟ್ಯಾಲೆಂಟ್’ ಅನ್ನೋ ಯೋಜನೆ ತಂದರು. ಅದರಡಿ 2005ರಿಂದ, ಸ್ಕಾಟ್ಲೆಂಡ್‌ನಲ್ಲಿ ಓದಿದ ವಿದೇಶಿ ವಿದ್ಯಾರ್ಥಿಗಳು ಎರಡು ವರ್ಷ ಅಲ್ಲೇ ಉಳಿದು ಕೆಲಸ ಮಾಡಬಹುದಿತ್ತು. ಅವರಿಗೆ ಜನ ಬೇಕಿತ್ತು, ಬಾಗಿಲು ತೆರೆದರು. ಇದನ್ನ ನೆನಪಿಟ್ಟುಕೊಳ್ಳಿ.

ಹೆಚ್ಚು ಕಮ್ಮಿ ಅದೇ ಹೊತ್ತಿಗೆ ಲಂಡನ್ ಸರ್ಕಾರ ಸೈನ್ಸ್, ಎಂಜಿನಿಯರಿಂಗ್ ಓದಿದವರಿಗೆ ಒಂದು ವರ್ಷ ಕೊಡ್ತು. 2007ರಲ್ಲಿ ಅದನ್ನ ಎಲ್ಲಾ ವಿಷಯದವರಿಗೂ ವಿಸ್ತರಿಸಿದರು. 2008ರ ಜೂನ್ ಕೊನೆಗೆ ಇವೆಲ್ಲವನ್ನೂ ಒಂದು ಮಾಡಿ, ದೇಶಕ್ಕೆಲ್ಲಾ ಒಂದೇ ವೀಸಾ ತಂದರು: ಟಿಯರ್ 1 ಪೋಸ್ಟ್ ಸ್ಟಡಿ ವರ್ಕ್. ಎರಡು ವರ್ಷ. ಕಂಪನಿಯ ಸ್ಪಾನ್ಸರ್‌ಶಿಪ್ ಬೇಡ. ಇದೇ ಅಸಲಿ ಪಿಎಸ್‌ಡಬ್ಲ್ಯೂ.

ಅದು ಬದುಕಿದ್ದು ನಾಲ್ಕು ವರ್ಷಾನೂ ಇಲ್ಲ. 2010ರಲ್ಲಿ ಸರ್ಕಾರ ಬದಲಾಯ್ತು. ಕನ್ಸರ್ವೇಟಿವ್ ಪಕ್ಷ ಒಂದು ಮಾತು ಕೊಟ್ಟಿತ್ತು: ವಲಸೆಯ ನಿವ್ವಳ ಲೆಕ್ಕವನ್ನ, ಅಂದರೆ ಬಂದವರಲ್ಲಿ ಹೋದವರನ್ನ ಕಳೆದರೆ ಉಳಿಯೋ ಸಂಖ್ಯೆಯನ್ನ, ವರ್ಷಕ್ಕೆ ಲಕ್ಷದೊಳಗೆ ತರ್ತೀವಿ ಅಂತ. ಆ ಲೆಕ್ಕದಲ್ಲಿ ವಿದ್ಯಾರ್ಥಿಗಳೂ ಸೇರಿದ್ದರು. ಗೃಹ ಸಚಿವೆ ತೆರೇಸಾ ಮೇ 2011ರ ಮಾರ್ಚ್‌ನಲ್ಲಿ ಘೋಷಣೆ ಮಾಡಿದರು, 2012ರ ಏಪ್ರಿಲ್‌ನಲ್ಲಿ ವೀಸಾ ಬಂದ್.

ಈಗ ಒಂದು ಲೆಕ್ಕ ಹಾಕಿ ನೋಡಿ. 2009ರ ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಡಿಗ್ರಿಗೆ ಸೇರಿದ ವಿದ್ಯಾರ್ಥಿ. ಸೇರುವಾಗ ಎರಡು ವರ್ಷದ ವೀಸಾ ಇತ್ತು. ಓದು ಮುಗಿದಿದ್ದು 2012ರ ಬೇಸಿಗೆಯಲ್ಲಿ. ಅಷ್ಟೊತ್ತಿಗೆ ಬಾಗಿಲು ಹಾಕಿ ಎರಡು ಮೂರು ತಿಂಗಳಾಗಿತ್ತು. ಅವರಿಗೆ ಉಳಿದಿದ್ದು ಕೋರ್ಸ್ ಮುಗಿದ ಮೇಲಿನ ಸುಮಾರು ನಾಲ್ಕು ತಿಂಗಳು. ಅಷ್ಟರೊಳಗೆ ಸ್ಪಾನ್ಸರ್ ಮಾಡೋ ಕಂಪನಿ ಹುಡುಕಬೇಕು, ಇಲ್ಲಾಂದ್ರೆ ವಾಪಸ್. ನೀವು ಸೇರಿದ ದಿನದ ನಿಯಮ ಲೆಕ್ಕಕ್ಕಿಲ್ಲ. ಆ ವೀಸಾಗೆ ಅರ್ಜಿ ಹಾಕೋ ದಿನ ಯಾವ ನಿಯಮ ಇದೆಯೋ ಅದೇ ಲೆಕ್ಕ. ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಮಾತು ನೆನಪಿಡೋದಾದರೆ ಇದನ್ನ ಇಟ್ಕೊಳ್ಳಿ.

ಪರಿಣಾಮ ಏನಾಯ್ತು? 2010-11ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸುಮಾರು 39 ಸಾವಿರ ಭಾರತೀಯರಿದ್ದರು. 2016-17ರ ಹೊತ್ತಿಗೆ 17 ಸಾವಿರದ ಆಸುಪಾಸಿಗೆ ಇಳಿದರು. ವೀಸಾ ಒಂದೇ ಕಾರಣ ಅನ್ನೋಕಾಗಲ್ಲ, 2013ರಲ್ಲಿ ರೂಪಾಯಿಯೂ ಬಿದ್ದಿತ್ತು. ಆದರೆ ಅದೇ ವರ್ಷಗಳಲ್ಲಿ ಚೀನಾದಿಂದ ಬರೋರು ಹೆಚ್ಚಾದರು. ನನಗೆ ಅನ್ಸೋದು ಇಷ್ಟು: ಸಾಲ ಮಾಡಿ ಬರೋರಿಗೆ ಓದಿನಷ್ಟೇ ಮುಖ್ಯ ಆಮೇಲಿನ ಕೆಲಸ. ಅದು ಹೋದರೆ ಅವರೂ ಹೋಗ್ತಾರೆ.

ಇನ್ನೊಂದು ವಿಷಯ ಕೇಳಿದರೆ ತಲೆ ಚಚ್ಚಿಕೊಳ್ತೀರಾ. ಓದು ಮುಗಿದ ಮೇಲೂ ವರ್ಷಕ್ಕೆ ಸುಮಾರು 1 ಲಕ್ಷ ವಿದ್ಯಾರ್ಥಿಗಳು ವಾಪಸ್ ಹೋಗ್ತಿಲ್ಲ ಅನ್ನೋ ಅಂದಾಜು ಆಗ ಚರ್ಚೆಯಲ್ಲಿತ್ತು. ಅದು ಬಂದಿದ್ದು ಏರ್‌ಪೋರ್ಟ್‌ಗಳಲ್ಲಿ, ಬಂದರುಗಳಲ್ಲಿ ಕೆಲವು ಪ್ರಯಾಣಿಕರನ್ನ ನಿಲ್ಲಿಸಿ ಕೇಳೋ ಸರ್ವೆಯಿಂದ. ಆಮೇಲೆ ದೇಶ ಬಿಡೋರ ಪಾಸ್‌ಪೋರ್ಟ್ ದಾಖಲೆ ಇಡೋಕೆ ಶುರು ಮಾಡಿದರು. 2017ರ ಆಗಸ್ಟ್‌ನಲ್ಲಿ ಆ ಅಂಕಿಅಂಶ ಹೊರಬಿತ್ತು. ನೋಡಿದರೆ, ವೀಸಾ ಮುಗಿದ ವಿದ್ಯಾರ್ಥಿಗಳಲ್ಲಿ ಶೇ 97ಕ್ಕೂ ಹೆಚ್ಚು ಮಂದಿ ಸಮಯಕ್ಕೆ ಸರಿಯಾಗಿ ಹೊರಟುಹೋಗಿದ್ದರು. ಬಾಗಿಲು ಮುಚ್ಚಿ ಐದು ವರ್ಷ ಆದ ಮೇಲೆ ಗೊತ್ತಾದ ಸತ್ಯ ಇದು.

ಮತ್ತೆ ತೆರೆದಿದ್ದು ಯಾಕೆ? ದುಡ್ಡು. ಇಂಗ್ಲೆಂಡ್‌ನಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಫೀಸಿಗೆ ಸರ್ಕಾರದ ಮಿತಿ ಇದೆ. 2012ರಲ್ಲಿ 9,000 ಪೌಂಡ್ ಇತ್ತು, 2017ರಲ್ಲಿ 9,250 ಆಯ್ತು, ಆಮೇಲೆ 2025ರವರೆಗೂ ಅಲ್ಲೇ ನಿಂತಿತ್ತು. ಬೆಲೆ ಏರ್ತಾ ಹೋಯ್ತು, ಫೀಸ್ ಏರಲಿಲ್ಲ. ವಿದೇಶಿ ವಿದ್ಯಾರ್ಥಿಗಳ ಫೀಸಿಗೆ ಆ ಮಿತಿ ಇಲ್ಲ. ಬಿಕಾಂ ಓದಿದ ನಾನು ಇದನ್ನ ಹೀಗೆ ಹೇಳ್ತೀನಿ: ಒಂದು ಕೌಂಟರ್‌ನ ನಷ್ಟವನ್ನ ಇನ್ನೊಂದು ಕೌಂಟರ್‌ನಲ್ಲಿ ತುಂಬಿಕೊಳ್ಳೋ ವ್ಯಾಪಾರ. ಎರಡನೇ ಕೌಂಟರ್‌ನಲ್ಲಿ ಕ್ಯೂ ನಿಂತಿರೋರು ನಾವು.

2019ರ ಸೆಪ್ಟೆಂಬರ್‌ನಲ್ಲಿ, ಬೋರಿಸ್ ಜಾನ್ಸನ್ ಪ್ರಧಾನಿಯಾಗಿದ್ದಾಗ, ಎರಡು ವರ್ಷ ವಾಪಸ್ ಬರುತ್ತೆ ಅಂತ ಘೋಷಣೆ ಆಯ್ತು. 2021ರ ಜುಲೈ 1ಕ್ಕೆ ಗ್ರಾಜುಯೇಟ್ ರೂಟ್ ತೆರೀತು. ಪಿಎಚ್‌ಡಿಯವರಿಗೆ ಮೂರು ವರ್ಷ. 2022-23ರಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 1 ಲಕ್ಷ 70 ಸಾವಿರ ದಾಟಿತು. 17 ಸಾವಿರದಿಂದ ಅಲ್ಲಿಗೆ, ಅಂದರೆ ಹತ್ತು ಪಟ್ಟು.

ಆಮೇಲೆ ಮತ್ತೆ ಹಳೇ ಕಥೆ. 2024ರ ಜನವರಿಯಿಂದ ಹೆಚ್ಚಿನ ಮಾಸ್ಟರ್ಸ್ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ ಅಂದರು. ಈ ರೂಟ್‌ನ ದುರ್ಬಳಕೆ ಆಗ್ತಿದೆಯಾ ನೋಡಿ ಅಂತ ಸರ್ಕಾರ ತನ್ನದೇ ವಲಸೆ ಸಲಹಾ ಸಮಿತಿಗೆ ವಹಿಸಿತು. ವ್ಯಾಪಕ ದುರ್ಬಳಕೆ ಕಾಣ್ತಿಲ್ಲ, ಇದು ಮುಂದುವರೀಲಿ ಅಂತ ಸಮಿತಿ 2024ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಒಂದು ವರ್ಷಕ್ಕೆ, 2025ರ ಮೇನಲ್ಲಿ, ಹೊಸ ಲೇಬರ್ ಸರ್ಕಾರದ ಶ್ವೇತಪತ್ರ ಬಂತು: ಎರಡು ವರ್ಷ ಬೇಡ, 18 ತಿಂಗಳು ಸಾಕು. 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ ಇದು ಅನ್ವಯ. ಪಿಎಚ್‌ಡಿಯವರಿಗೆ ಮಾತ್ರ ಮೂರು ವರ್ಷ ಹಾಗೇ ಇದೆ. ಗಮನಿಸಿದ್ರಾ? ಇಲ್ಲೂ ಅರ್ಜಿ ಹಾಕೋ ದಿನವೇ ಲೆಕ್ಕ. ಶ್ವೇತಪತ್ರ ಬರೋಕೂ ಮೊದಲು, 2025ರ ಜನವರಿಯಲ್ಲಿ, ಎರಡು ವರ್ಷದ ಕೋರ್ಸ್‌ಗೆ ಸೇರಿ 2027ರಲ್ಲಿ ಮುಗಿಸೋರಿಗೂ 18 ತಿಂಗಳೇ.

ಇತ್ತೀಚೆಗೆ ತುಮಕೂರಿನಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು. ಮಗಳನ್ನ 2026ರ ಸೆಪ್ಟೆಂಬರ್‌ಗೆ ಕಳಿಸೋ ಯೋಚನೆ. “ನೀನು ಬಿಕಾಂ ಮಾಡಿದೀಯಲ್ಲೋ, ಕನ್ಸಲ್ಟೆನ್ಸಿಯೋರು ಕೊಟ್ಟಿರೋ ಈ ಲೆಕ್ಕ ನೋಡಿ ಹೇಳು” ಅಂತ ವಾಟ್ಸಾಪ್‌ನಲ್ಲಿ ಒಂದು ಹಾಳೆ ಕಳಿಸಿದ್ರು. 30 ಲಕ್ಷ ಲೋನ್, ಸೈಟ್ ಅಡ. ಆದಾಯದ ಕಡೆ 24 ತಿಂಗಳ ಸಂಬಳ ಬರೆದಿದ್ರು.

“ಚಿಕ್ಕಪ್ಪ, ಇವಳು ಅರ್ಜಿ ಹಾಕೋದು 2027ರಲ್ಲಿ. 24 ಹೊಡೆದುಹಾಕಿ 18 ಬರ್ಕೊಳ್ಳಿ” ಅಂದೆ.

“ಆರು ತಿಂಗಳು ತಾನೇ ಕಣೋ?”

ಆರೇ ತಿಂಗಳು. ಆದರೆ ಕೆಲಸ ಹುಡುಕೋಕೆ ಬೇಕಾಗೋ ತಿಂಗಳೂ ಆ 18ರಲ್ಲೇ ಕಳೀಬೇಕು. ಸಾಲಕ್ಕೆ ಶೇ 11 ಬಡ್ಡಿ, ಹತ್ತು ವರ್ಷ ಅಂತ ಹಿಡಿದರೆ, ಓದುವಾಗಿನ ಬಡ್ಡಿ ಬಿಟ್ಟೇ, ತಿಂಗಳಿಗೆ ಸುಮಾರು 41 ಸಾವಿರ ಇಎಂಐ. ಅಂದರೆ ಕಂತು 120 ತಿಂಗಳು, ವೀಸಾ 18 ತಿಂಗಳು. ಗ್ರಾಜುಯೇಟ್ ವೀಸಾವನ್ನ ಮುಂದುವರಿಸೋಕೆ ಆಗಲ್ಲ. ಆಮೇಲೂ ಇರಬೇಕಂದ್ರೆ ಸ್ಪಾನ್ಸರ್ ಮಾಡೋ ಕಂಪನಿ ಬೇಕು. ಅದರ ಸಾಮಾನ್ಯ ಸಂಬಳದ ಮಿತಿ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ 33,400, ಅದೂ ಕೆಲವು ಷರತ್ತಿನ ಮೇಲೆ.

ತಂಗಿ ಫೋನ್ ಕಿತ್ಕೊಂಡು, “ಹಾಗಾದ್ರೆ ಹೋಗೋದೇ ಬೇಡ ಅಂತೀಯಾ ಅಣ್ಣ?” ಅಂದಳು. ಬೇಡ ಅನ್ನಲಿಲ್ಲ. ವಾಪಸ್ ಬಂದು ಬೆಂಗಳೂರಲ್ಲಿ ಸಿಗೋ ಸಂಬಳದಲ್ಲಿ ಈ ಇಎಂಐ ಕಟ್ಟೋಕಾಗುತ್ತಾ, ಮೊದಲು ಆ ಲೆಕ್ಕ ಮಾಡು ಅಂದೆ. ಕಟ್ಟೋಕಾಗುತ್ತೆ ಅಂದರೆ ಧೈರ್ಯವಾಗಿ ಹೋಗು, ವೀಸಾದಿಂದ ಬಂದಿದ್ದು ಲಾಭ. ಆಗಲ್ಲ ಅಂದರೆ ಕಮ್ಮಿ ಫೀಸಿನ ಕೋರ್ಸ್ ಹುಡುಕು, ಇಲ್ಲಾ ಸ್ಕಾಲರ್‌ಶಿಪ್‌ಗೆ ಪ್ರಯತ್ನ ಮಾಡು. ಅವಳೀಗ ಅದೇ ಹಾಳೆಯನ್ನ ಹೊಸದಾಗಿ ಬರೀತಿದ್ದಾಳೆ.

ಬ್ರಿಟನ್ ಮೋಸ ಮಾಡ್ತು ಅಂತ ನಾನು ಹೇಳ್ತಿಲ್ಲ. ಅವರ ವೀಸಾ, ಅವರ ಓಟು, ಅವರ ಅಗತ್ಯ. ಬೇಕಾದಾಗ ತೆರೀತಾರೆ, ಬೇಡವಾದಾಗ ಮುಚ್ಚುತ್ತಾರೆ. ಇಪ್ಪತ್ತು ವರ್ಷದ ದಾಖಲೆ ಅದನ್ನೇ ಹೇಳುತ್ತೆ. ಬ್ಯಾಂಕಿನ ಕಂತು ಮಾತ್ರ ಯಾವ ಸರ್ಕಾರ ಬಂದರೂ ತಿಂಗಳು ತಿಂಗಳು ಬರುತ್ತೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಹಾಳೆ ಇದ್ದರೆ, ಇವತ್ತೇ ತೆಗೆದು ತಿಂಗಳ ಲೆಕ್ಕ ನೋಡಿ. ಹೊರಡೋಕೆ ತಯಾರಾಗಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.