ಶಿಲೆಯಲ್ಲಿ ಉಳಿದ ಕಾವ್ಯ

ಪ್ರಾಚೀನ ಬನವಾಸಿ ಪನ್ನಿರ್ಛಾಸಿರ ಪ್ರಾಂತದಲ್ಲಿ ಇಂದಿನ ಶಿಕಾರಿಪುರ ಮತ್ತು ಸೊರಬ ಸೀಮೆಗಳಿಗೆ ವಿಶಿಷ್ಟ ಸ್ಥಾನವಿದ್ದಿತು. ಇಲ್ಲಿಯ ಕೆರೆಯ ಏರಿಗಳಲ್ಲಿಯೂ ಜೀರ್ಣ ಬಸದಿಗಳ ಅಂಗಳದಲ್ಲಿಯೂ ಶಾಸನಗಳು, ವೀರಗಲ್ಲುಗಳು, ನಿಸಿದಿಗಲ್ಲುಗಳು ಹೇರಳವಾಗಿವೆ. ಬಿ. ಎಲ್. ರೈಸ್ ಅವರು ಇವುಗಳನ್ನು ಸಂಗ್ರಹಿಸಿ, ಶಿಕಾರಿಪುರದವನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ಇವು ಕೇವಲ ದಾನದತ್ತಿಗಳ ಕಡತಗಳಲ್ಲ. ಯುದ್ಧ, ಪ್ರೇಮ, ಮರಣ, ಶ್ರದ್ಧೆಗಳನ್ನು ಕುರಿತ ಕಾವ್ಯವೂ ಇವುಗಳಲ್ಲಿದೆ.

ಈ ಪರಂಪರೆ ಬಹು ಪ್ರಾಚೀನವಾದುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭದ ಮೇಲೆ ಕದಂಬ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜನು ಸಂಸ್ಕೃತ ಕಾವ್ಯವನ್ನು ರಚಿಸಿ ತಾನೇ ಬರೆದನು. ವಿದ್ಯಾರ್ಜನೆಗಾಗಿ ಕಂಚಿಗೆ ಹೋದ ಮಯೂರಶರ್ಮನು ಪಲ್ಲವರ ಕಡೆಯವರಿಂದ ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ರಾಜ್ಯ ಸ್ಥಾಪಿಸಿದ ವೃತ್ತಾಂತ ಅದರಲ್ಲಿದೆ.

ಬನವಾಸಿ ನಾಡನ್ನು ಹೃದಯ ತುಂಬಿ ಹಾಡಿದ ಪಂಪನು ಕವಿಯೂ ಹೌದು, ಕಲಿಯೂ ಹೌದು. 941ರಲ್ಲಿ ರಚಿತವಾದ ಆತನ ಆದಿಪುರಾಣದಲ್ಲಿ ಈ ನಾಲ್ಕು ವಿಷಯಗಳೂ ಒಂದೆಡೆ ಸೇರಿವೆ. ಲಲಿತಾಂಗ ಮತ್ತು ಸ್ವಯಂಪ್ರಭೆಯರ ಪ್ರೇಮವು ಮರುಜನ್ಮದಲ್ಲಿ ವಜ್ರಜಂಘ ಮತ್ತು ಶ್ರೀಮತಿಯರಾಗಿ ಮುಂದುವರಿಯುತ್ತದೆ. ನರ್ತಿಸುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ಮುಗಿಯುವುದನ್ನು ಕಂಡು ಆದಿದೇವನಿಗೆ ವೈರಾಗ್ಯ ಉದಿಸುತ್ತದೆ. ಭರತನನ್ನು ಗೆದ್ದ ಬಾಹುಬಲಿಯು ಗೆದ್ದ ರಾಜ್ಯವನ್ನೇ ತ್ಯಜಿಸುತ್ತಾನೆ. ಪ್ರೇಮವನ್ನು ಹೀಯಾಳಿಸದೆ, ಪರಾಕ್ರಮವನ್ನು ಅಲ್ಲಗಳೆಯದೆ, ಅವೆರಡರ ಮಿತಿಯನ್ನು ತೋರಿಸಿದುದೇ ಪಂಪನ ಹಿರಿಮೆ.

ಪಂಪನು ಕಾವ್ಯದಲ್ಲಿ ಹೇಳಿದುದನ್ನು ಈ ಸೀಮೆಯ ಶ್ರಾವಕ ಶ್ರಾವಿಕೆಯರು ಬದುಕಿನಲ್ಲಿ ನಡೆಸಿದರು. ಹತ್ತನೆಯ ಶತಮಾನದ ಆದಿಭಾಗದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮೃತನಾಗಲು, ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ರಾಷ್ಟ್ರಕೂಟರ ಆಳ್ವಿಕೆಯ ಆ ಕಾಲದಲ್ಲಿ ಆಕೆ ದಕ್ಷತೆಯಿಂದ ನಾಡನ್ನಾಳಿದಳು. ವ್ಯಾಧಿ ಬಂದೊದಗಿದಾಗ ಭೋಗದ ನಿಸ್ಸಾರತೆಯನ್ನರಿತು, ಮಗಳನ್ನು ಕರೆಸಿ ಸಂಪತ್ತನ್ನು ಒಪ್ಪಿಸಿ, ಬಂದಣಿಕೆಯ ತೀರ್ಥದ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದಳು. ಆಕೆಯ ಆಡಳಿತ ಸಾಮರ್ಥ್ಯವನ್ನೂ ಜಿನಭಕ್ತಿಯನ್ನೂ ಬಂದಳಿಕೆಯ ಶಾಸನವು ಒಟ್ಟಿಗೇ ಕೊಂಡಾಡುತ್ತದೆ. ಹೊಣೆಯಿಂದ ಓಡಿಹೋದವಳ ಮರಣವಲ್ಲ ಅದು. ಹೊಣೆಯನ್ನು ಪೂರೈಸಿ ಹಸ್ತಾಂತರಿಸಿದವಳ ಮರಣ.

ಸೊರಬ ತಾಲ್ಲೂಕಿನ ಉದ್ರಿ, ಅಂದರೆ ಅಂದಿನ ಉದ್ಧರೆ, ಮತ್ತೊಂದು ಜಿನಕ್ಷೇತ್ರ. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ ಇಲ್ಲಿಯ ಬೈಚಪ್ಪನು ಕೊಂಕಣಿಗರೊಡನೆ ಕಾದಿ ಮಡಿದನು. ಅವನು ಜಿನಪಾದವನ್ನು ಸೇರಿದನೆಂದು ಶಾಸನ ಸಾರುತ್ತದೆ. ಅವನ ಮಗ ಸಿರಿಯಣ್ಣನಾದರೋ ಸಮಾಧಿ ವಿಧಿಯಿಂದ ಮುಡಿಪಿದನು. ತಂದೆಗೆ ರಣರಂಗ, ಮಗನಿಗೆ ವ್ರತ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಸಮಾಜವು ನಾಡಿನ ರಕ್ಷಣೆಯ ಕರ್ತವ್ಯವನ್ನು ಮರೆಯಲಿಲ್ಲ; ಆದರೆ ಕೊಲ್ಲುವುದನ್ನೇ ಬಾಳಿನ ಗುರಿಯಾಗಿಸಿಕೊಳ್ಳಲೂ ಇಲ್ಲ. ಹಿರೇ ಆವಲಿಯ ಹಲವು ನಿಸಿದಿಗಲ್ಲುಗಳು ಇದೇ ಮಾತನ್ನು ಮೌನವಾಗಿ ಹೇಳುತ್ತವೆ. ಅಲ್ಲಿ ಸ್ಮರಿಸಲ್ಪಟ್ಟವರು ಚಕ್ರವರ್ತಿಗಳಲ್ಲ, ಗೌಡರು ಮತ್ತು ಗೌಡಿಯರು.

ನೂತನ ಜಿನಬಿಂಬದ ಪ್ರತಿಷ್ಠೆಯು ಮಹಾಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಹಿಂದಿನವರು ಬಿಟ್ಟುಹೋದ ಕಲ್ಲುಗಳನ್ನು ಮಳೆಬಿಸಿಲುಗಳಿಂದ ಕಾಪಾಡುವುದೂ ಅಂತಹದೇ ಪುಣ್ಯಕಾರ್ಯ. ಅಕ್ಷರ ಸವೆದರೆ ಜಕ್ಕಿಯಬ್ಬೆ ಎರಡನೆಯ ಬಾರಿ ಮರಣ ಹೊಂದಿದಂತೆ. ಬಸದಿಗೆ ಬಂದ ಶ್ರಾವಕರು ದರ್ಶನ ಮುಗಿಸಿ ಹಿಂದಿರುಗುವ ಮುನ್ನ ಅಂಗಳದ ಶಾಸನದ ಮುಂದೆಯೂ ಒಂದು ಕ್ಷಣ ನಿಂತು, ಅದರಲ್ಲಿರುವ ಹೆಸರನ್ನು ಮಕ್ಕಳಿಗೆ ಓದಿ ಹೇಳಿದರೆ, ಪೂರ್ವಜರ ಕಾವ್ಯವೂ ಅವರ ಶ್ರದ್ಧೆಯೂ ಚಿರಕಾಲ ಬಾಳುವುವು.